ತಾರೀಖಿಗೆ ಬೇಲಿ ಹಾಕಿದ ವಿರೂಪಾಕ್ಷಪ್ಪ

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಟ್ಟೆ ಅಂಗಡಿ ನಡೆಸುವ ವಿರೂಪಾಕ್ಷಪ್ಪ ಹುಟ್ಟಾ ಅಂಜುಬುರುಕ. ಈ ಮಾತನ್ನು ಅವನ ಎದುರಿಗೆ ಯಾರೂ ಆಡುವುದಿಲ್ಲ, ಏಕೆಂದರೆ ಅವನು ತನ್ನನ್ನು 'ಹುಷಾರಿ ಮನುಷ್ಯ' ಎಂದು ಕರೆದುಕೊಳ್ಳುತ್ತಾನೆ. ಅಂಗಡಿಗೆ ಕೀಲಿ ಹಾಕಿ, ಓಣಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಕೀಲಿ ಜಗ್ಗಿ ನೋಡುವುದು ಹುಷಾರಿ. ಹೋಟೆಲಿನಲ್ಲಿ ಬೆನ್ನು ಗೋಡೆಗೆ ಮಾಡಿ ಕೂಡುವುದು ಹುಷಾರಿ. ಇಂಥ ಹುಷಾರಿಯಲ್ಲಿ ಅರವತ್ತು ವರ್ಷ ಕಳೆದವನ ಫೋನಿಗೆ 2020ರ ಹೊಸ ವರ್ಷದ ಬೆಳಿಗ್ಗೆ, ಜವಳಿ ವರ್ತಕರ ವಾಟ್ಸಾಪ್ ಗುಂಪಿನಿಂದ ಒಂದು ಸಂದೇಶ ಬಂತು.

'ಎಚ್ಚರಿಕೆ! ಈ ವರ್ಷ ಯಾವ ಕಾಗದಪತ್ರದ ಮೇಲೂ ಇಸವಿಯನ್ನು ಬರೀ 20 ಎಂದು ಬರೆಯಬೇಡಿ. ಮೋಸಗಾರರು ಅದರ ಮುಂದೆ ಎರಡು ಅಂಕಿ ಸೇರಿಸಿ 2017 ಮಾಡಬಹುದು, 2021 ಮಾಡಬಹುದು. ಪೂರ್ತಿ 2020 ಎಂದೇ ಬರೆಯಿರಿ.'

ಮಾತು ಸರಿಯಾಗಿಯೇ ಇತ್ತು. ಗುಂಪಿನ ಬೇರೆ ಸಾಹುಕಾರರು ಓದಿ, ಹೌದಲ್ಲ ಎಂದುಕೊಂಡು ಚಹಾ ಕುಡಿದರು. ವಿರೂಪಾಕ್ಷಪ್ಪನ ಚಹಾ ಆರಿಹೋಯಿತು. ಅವನು ಎದ್ದವನೇ ಪಕ್ಕದ ಝೆರಾಕ್ಸ್ ಅಂಗಡಿಗೆ ನಡೆದ.

"ಆಸೀಫ್, ಇವತ್ತು ಎಲ್ಲೆರ ತಾರೀಖು ಬರ್ದೀಯೇನೋ?"

"ಬರ್ದೀನ್ರಿ ಕಾಕಾ. ಹಾಲಿನವನ ಚೀಟಿ ಮ್ಯಾಲೆ. ಒಂದು, ಒಂದು, ಇಪ್ಪತ್ತು."

ವಿರೂಪಾಕ್ಷಪ್ಪ ಹಣೆ ಬಡಿದುಕೊಂಡ. "ಮುಗೀತು ನಿನ್ನ ಕತಿ. ಆ ಹಾಲಿನವ ಅದರ ಮುಂದ ಹದಿನೇಳು ಅಂತ ಬರಕೊಂಡ್ರ ಏನ್ ಮಾಡ್ತಿ?"

ಆಸೀಫ್ ಯೋಚಿಸಿದ. "ಮೂರು ವರ್ಷದ ಹಿಂದಿನ ಹಾಲು ಕೊಡ್ತಾನೇನ್ರಿ?"

ಇಂಥವರಿಗೆ ತಿಳಿಸಿ ಹೇಳುವುದು ಕಷ್ಟ ಎಂದು ವಿರೂಪಾಕ್ಷಪ್ಪ ತನ್ನ ಗಾದಿಗೆ ವಾಪಸು ಬಂದು ಕೂತ. ಕೂತವನಿಗೆ ಯೂನುಸ ಸಾಹೇಬರು ನೆನಪಾದರು.

ಯೂನುಸ ಸಾಹೇಬರೆಂದರೆ ಹಿಂದೊಂದು ಕಾಲದಲ್ಲಿ ಲಿಂಗಸುಗೂರಿನ ನೋಂದಣಿ ಕಚೇರಿಯ ಮುಂದೆ, ಬೇವಿನ ಮರದ ಕೆಳಗೆ ಜಮಖಾನ ಹಾಸಿಕೊಂಡು ಖರೀದಿಪತ್ರ ಬರೆಯುತ್ತಿದ್ದ ಮುದುಕರು. ವಿರೂಪಾಕ್ಷಪ್ಪನ ಅಪ್ಪ ಸೂಗಪ್ಪ ಮಸ್ಕಿಯ ಮನೆ ಖರೀದಿಸಿದಾಗ ಮಗನನ್ನೂ ಕರೆದುಕೊಂಡು ಹೋಗಿದ್ದರು. ಸಾಹೇಬರು ತಾರೀಖು ಬರೆಯಲು ಕೂತರೆ ಊಟ ಮಾಡಲು ಕೂತ ಹಾಗೆ. ಮೊದಲು ಇಂಗ್ಲಿಷ್ ತಾರೀಖು, ಆಮೇಲೆ ನಿಜಾಮರ ಕಾಲದ ಫಸಲಿ ಇಸವಿ, ಹಿಜರಿ, ಸಂವತ್ಸರ, ತಿಥಿ, ವಾರ. ಎಲ್ಲವೂ ಅಕ್ಷರದಲ್ಲಿ. ಕೊನೆಗೆ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ಕಣ್ಣು ಪಿಳಿಪಿಳಿ ಬಿಡುತ್ತ ನಿಂತ ಹುಡುಗನಿಗೆ ಹೇಳಿದ್ದರು: "ತಾರೀಖಿಗೆ ಬೇಲಿ ಹಾಕಬೇಕು ಬೇಟಾ. ಇಲ್ಲಂದ್ರ ಯಾರದೋ ದನ ನುಗ್ತಾವ." ಆಮೇಲೆ ಅಪ್ಪ ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಕೊಡಿಸಿದ್ದರು. ತಂಗಿ ಅಂಬವ್ವಳಿಗೆಂದು ಕಟ್ಟಿಸಿದ ಪೊಟ್ಟಣವನ್ನು ವಿರೂಪಾಕ್ಷಪ್ಪ ಮಸ್ಕಿ ಬರುವವರೆಗೂ ಎದೆಗೆ ಅವಚಿಕೊಂಡು ಬಂದಿದ್ದ. ಅಂಗಿಗೆ ಹತ್ತಿದ ಎಣ್ಣೆಯ ಕಲೆ ಅವ್ವ ಎಷ್ಟು ಒಗೆದರೂ ಹೋಗಲಿಲ್ಲ.

ಆ ಬೇವಿನ ಮರ ಈಗಿಲ್ಲ, ಸಾಹೇಬರೂ ಇಲ್ಲ. ಆದರೆ ವಿದ್ಯೆ ಸಾಯಬಾರದಲ್ಲ! ವಿರೂಪಾಕ್ಷಪ್ಪ ಅಂದಿನಿಂದಲೇ ಬೇಲಿ ಹಾಕಲು ಶುರುಮಾಡಿದ.

ಮೊದಲು ಬಲಿಯಾದದ್ದು ಬ್ಯಾಂಕು. ಅವನು ಕೊಟ್ಟ ಚೆಕ್ಕನ್ನು ಮ್ಯಾನೇಜರು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಚೌಕಗಳಲ್ಲಿ ಅಂಕಿ ತುಂಬಿದ ಮೇಲೂ ಸಮಾಧಾನವಾಗದೆ ಅವನು ಸುತ್ತಲೂ ಬರೆದಿದ್ದ: 'ಆರನೆಯ ತಾರೀಖು, ಜನವರಿ ತಿಂಗಳು, ಎರಡು ಸಾವಿರದ ಇಪ್ಪತ್ತನೆಯ ಇಸವಿ, ವಿಕಾರಿ ನಾಮ ಸಂವತ್ಸರ, ಪುಷ್ಯ ಶುದ್ಧ ಏಕಾದಶಿ, ಸೋಮವಾರ ಮಾತ್ರ.'

"ಸಾಹುಕಾರ್ರೇ, ತಾರೀಖು ಭರ್ಜರಿಯಾಗಿದೆ," ಎಂದರು ಮ್ಯಾನೇಜರು. ಅವರು ಮೈಸೂರಿನ ಕಡೆಯವರು. "ದುಡ್ಡು ಎಷ್ಟು ಅಂತ ಬರೆಯೋದಕ್ಕೆ ಜಾಗ ಉಳಿದಿಲ್ಲವಲ್ಲ. ಅದೂ ಅಲ್ಲದೆ, ಸೋಮವಾರ ಮಾತ್ರ ಅಂದರೆ ಏನರ್ಥ?"

"ಮಂಗಳವಾರ ಅಂತ ಯಾರೂ ತಿದ್ದಬಾರದು ನೋಡ್ರಿ."

ಚೆಕ್ಕು ವಾಪಸಾಯಿತು. ವಿರೂಪಾಕ್ಷಪ್ಪ ಅದನ್ನು ಸೋಲೆಂದು ತಿಳಿಯಲಿಲ್ಲ. ಸರಕಾರಕ್ಕೇ ಬೇಲಿ ಹಾಕುವ ವಿದ್ಯೆ ಗೊತ್ತಿಲ್ಲವೆಂದು ಓಣಿಯಲ್ಲೆಲ್ಲ ಹೇಳಿದ. ಮನೆಯಲ್ಲಿ ಅವನ ಹೆಂಡತಿ ಶಿವಕುಮಾರಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿಟ್ಟ ಭರಣಿಗೂ ಸಂವತ್ಸರ ಸಹಿತ ಚೀಟಿ ಅಂಟಿತು. "ಉಪ್ಪಿನಕಾಯಿ ಮ್ಯಾಲೆ ಯಾರು ದಾವೆ ಹಾಕ್ತಾರ್ರೀ?" ಎಂದು ಆಕೆ ಕೇಳಿದ್ದಕ್ಕೆ, "ಕಾಲ ಕೆಟ್ಟೈತಿ," ಎಂದ.

ಸೋಜಿಗವೆಂದರೆ ಜನ ಬರತೊಡಗಿದರು. ಮನೆ ಬಾಡಿಗೆಯ ಕರಾರು ಬರೆಸುವವರು, ಹೊಲ ಪಾಲಿಗೆ ಹಾಕುವವರು ಎಲ್ಲ ಒಂದು ಕಾಲು ಅವನ ಅಂಗಡಿಯಲ್ಲಿಟ್ಟು, "ಸಾಹುಕಾರ್ರ, ಇದಕ್ಕೊಂದು ಬೇಲಿ ಹಾಕಿ ಕೊಡ್ರಿ," ಎನ್ನುವರು. ಅವನು ಕನ್ನಡಕ ಏರಿಸಿ, ಪಂಚಾಂಗ ತೆಗೆದು, ಗಂಟಲು ಸರಿಮಾಡಿಕೊಳ್ಳುವನು. ಬಟ್ಟೆ ಕೇಳಲು ಬಂದವರು ನಿಂತು ನಿಂತು ಎದುರಿನ ಅಂಗಡಿಗೆ ಹೋಗುವರು. ತಿಂಗಳು ಮುಗಿಯುವುದರೊಳಗೆ ಊರು ಅವನಿಗೆ 'ತಾರೀಖಪ್ಪ' ಎಂದು ಹೆಸರಿಟ್ಟಿತು. ಅವನು ಅದನ್ನು ಬಿರುದೆಂದೇ ತಿಳಿದ.

ಇಂಥ ವೈಭವದ ನಡುವೆ, ಮನೆಯವರು ಅಂಬವ್ವ ಎಂದು ಕರೆಯುವ ತಂಗಿ ಅಂಬಮ್ಮನ ಕಾಗದದ ದಿನ ಬಂತು.

ಅಂಬಮ್ಮ ಸಿಂಧನೂರಿನಲ್ಲಿ ಬಾಡಿಗೆ ಜಾಗದಲ್ಲಿ ಜೋಳದ ರೊಟ್ಟಿ ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿಹೋದ ಮೇಲೆ ಒಬ್ಬಳೇ ಕಟ್ಟಿದ ಖಾನಾವಳಿ. ಜಾಗದ ಮಾಲಕ ಹೊಸ ಕಟ್ಟಡ ಎಬ್ಬಿಸುತ್ತೇನೆಂದು ಶಿವರಾತ್ರಿಯೊಳಗೆ ಖಾಲಿ ಮಾಡಲು ಹೇಳಿದ್ದ. ಮಸ್ಕಿಯ ಮನೆಯ ಮುಂದಿನ ಪಡಸಾಲೆ ಅಂಬವ್ವಳಿಗೆ ಸೇರಬೇಕೆಂದು ಅಪ್ಪ ಬಾಯಿಮಾತಿನಲ್ಲಿ ಹೇಳಿಹೋಗಿದ್ದರು. ವಿರೂಪಾಕ್ಷಪ್ಪ ಎಂದೂ ಇಲ್ಲವೆಂದವನಲ್ಲ. "ನೀ ಬಾ ತಂಗಿ, ದಾನಪತ್ರ ಬರ್ದು ಕೊಡ್ತೀನಿ. ನಿನ್ನ ಖಾನಾವಳಿ ಇಲ್ಲೇ ಇಡೂಣ," ಎಂದು ತಾನೇ ಫೋನು ಮಾಡಿದ್ದ. ತಂಗಿಯೆಂದರೆ ಅವನಿಗೆ ಜೀವ. ಸಣ್ಣವಳಿದ್ದಾಗ ಅವಳ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋಗಿ ಒಂದೇ ತರಗತಿಯಲ್ಲಿ ಕಾವಲು ಕೂತಿದ್ದನ್ನು ಮಸ್ಕಿಯಲ್ಲಿ ಅವನ ಬಾಯಿಂದ ಕೇಳದವರಿಲ್ಲ.

ಅಣ್ಣ ತಂಗಿ ಇಬ್ಬರೂ ಲಿಂಗಸುಗೂರಿಗೆ ಹೋಗಿ ಪತ್ರ ಬರಹಗಾರ ಸಿದ್ದರಾಮೇಶನ ಎದುರು ಕೂತರು. ಸಿದ್ದರಾಮೇಶ ಕಂಪ್ಯೂಟರ್ ಕಾಲದವನು. ಇಬ್ಬರ ಆಧಾರ್ ಕಾರ್ಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಟೈಪು ಮಾಡುತ್ತಿದ್ದವನು ನಿಲ್ಲಿಸಿ ನಕ್ಕ.

"ಅವಳಿ-ಜವಳಿ ಅಂತ ಮೊದಲ ಹೇಳಲಿಲ್ಲಲ್ರೀ ಸಾಹುಕಾರ್ರ?"

"ಯಾರು?"

"ನೀವಿಬ್ಬರು. ಇಲ್ಲಿ ನೋಡ್ರಿ. ನಿಮ್ಮದೂ ಒಂದು ಜೂನ್ ಅರವತ್ತೊಂದು, ಅವರದೂ ಒಂದು ಜೂನ್ ಅರವತ್ತೊಂದು."

ವಿರೂಪಾಕ್ಷಪ್ಪ ಎರಡೂ ಕಾರ್ಡನ್ನು ಕಣ್ಣಿನ ಹತ್ತಿರ ತಂದು ನೋಡಿದ. ತಂಗಿಯ ಕಾರ್ಡನ್ನು ಅವನು ಎಂದೂ ನೋಡಿರಲಿಲ್ಲ. "ಇದು ಹೆಂಗ ಆಕ್ಕೈತಿ? ನಾ ಈಕಿಗಿಂತ ಎರಡು ವರ್ಷ ದೊಡ್ಡಾವ!"

"ಬಿಡ್ರಿ. ನಮ್ಮ ಕಡಿ ಎಲ್ಲಾರದೂ ಹಿಂಗ. ಸಾಲ್ಯಾಗ ಗುರುಗಳು ಬರ್ದ ತಾರೀಖು. ಪತ್ರಕ್ಕ ಇದರಿಂದ ಏನೂ ಆಗಂಗಿಲ್ಲ."

"ಆಗಂಗಿಲ್ಲ ಅಂತ ನೀ ಹೇಳ್ತಿ. ನಾಳೆ ನಾ ಸತ್ತ ಮ್ಯಾಲೆ ಯಾರಾರ ಬಂದು, ಅಣ್ಣ-ತಂಗಿ ಒಂದ ದಿನ ಹೆಂಗ ಹುಟ್ಟಿದ್ರು, ಈ ಪತ್ರ ಸುಳ್ಳು ಅಂದ್ರ? ನನ್ನ ತಂಗಿ ಬೀದಿಗಿ ಬೀಳಬೇಕೇನು? ಸುಳ್ಳು ತಾರೀಖು ಇರೂ ಕಾಗದಕ್ಕ ನಾ ಸಹಿ ಹಾಕಂಗಿಲ್ಲ."

ಊರಿಗೆಲ್ಲ ಬೇಲಿ ಹಾಕಿದವನ ಮನೆಯೊಳಗೇ ದನ ಮಲಗಿತ್ತು. ಅವನು ಎದ್ದೇಬಿಟ್ಟ. ತಂಗಿಯ ಒಳ್ಳೆಯದಕ್ಕೇ ಎದ್ದ, ಅದರಲ್ಲಿ ಅನುಮಾನವಿಲ್ಲ. ಆದರೆ ಆಕೆಯ ಮುಖ ನೋಡುವುದನ್ನು ಮರೆತ. ಅಂಬಮ್ಮ ತನ್ನ ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಿಂಧನೂರಿನ ಬಸ್ಸು ಹತ್ತಿದಳು.

ಸುದ್ದಿ ಅವನಿಗಿಂತ ಮುಂಚೆ ಮಸ್ಕಿ ಮುಟ್ಟಿತ್ತು. ಅಂಬಮ್ಮನ ಗಂಡನ ಮನೆಯ ಬೀಗರು ಫೋನು ಮಾಡಿ, "ಕೊಡಾಕ ಮನಸಿಲ್ಲಂದ್ರ ನೇರ ಹೇಳಬೇಕ್ರಿ, ಹುಟ್ಟಿದ ದಿನದ ಮ್ಯಾಲೆ ಯಾಕ ಹಾಕ್ತೀರಿ," ಎಂದರು. ಬೇಲಿ ಹಾಕಿಸಿಕೊಂಡು ಹೋದವರೇ ಹೋಟೆಲಿನಲ್ಲಿ ಕೂತು, ಜಾಗ ಉಳಿಸಿಕೊಳ್ಳಲು ತಾರೀಖಪ್ಪ ಎಂಥ ಯುಕ್ತಿ ಹೂಡಿದ್ದಾನೆಂದು ತಲೆದೂಗಿದರು. ಶಿವಕುಮಾರಿ ಮಾತ್ರ ಊಟಕ್ಕೆ ಬಡಿಸುತ್ತ, "ಶಿವರಾತ್ರಿ ಹತ್ತಿರ ಬಂತ್ರೀ. ಆಕಿ ಒಲಿ ಎಲ್ಲಿ ಹೂಡಬೇಕು?" ಎಂದಳು. ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದ.

ಖರೇ ತಾರೀಖು ಹುಡುಕಿ ತಿದ್ದಿಸಿದರೆ ಎಲ್ಲರ ಬಾಯಿ ಮುಚ್ಚುತ್ತದೆಂದು ಅವನು ಮೊದಲು ಶಾಲೆಗೆ ಹೋದ. ಹೆಡ್‌ಮಾಸ್ತರರು ಚಹಾ ತರಿಸಿ, "ಸಾಹುಕಾರ್ರ, ಜೂನ್ ಒಂದಕ್ಕ ಮಸ್ಕ್ಯಾಗ ಹುಟ್ಟಿದಷ್ಟು ಮಂದಿ ಜಗತ್ತಿನ್ಯಾಗ ಎಲ್ಲೂ ಹುಟ್ಟಿಲ್ಲ. ಸಾಲಿ ಸುರು ಆಗೂ ದಿನ ನೋಡ್ರಿ. ಕೂಸು ಅಳಕೋತ ಬಂದ್ರ ಸಾಕು, ಗುರುಗಳು ಒಂದು ಜೂನ್ ಅಂತ ಬರೀತಿದ್ರು. ನಂದೂ ಅದ," ಎಂದರು. ಬಾಗಿಲಲ್ಲಿ ನಿಂತಿದ್ದ ಗಂಟೆ ಹೊಡೆಯುವವನು, "ನಂದೂ ಅದ ರೀ," ಎಂದ. ಅಂಗಡಿಗೆ ಬಂದು ಹೇಳಿದರೆ ಆಸೀಫ್ ನಾಚಿಕೊಂಡು, "ಕಾಕಾ, ನಂದೂ..." ಎಂದು ತಲೆ ಕೆರೆದ.

ಉಳಿದದ್ದು ಸಾಲಗುಂದ. ಅದು ಅವ್ವನ ತವರು. ಇಬ್ಬರನ್ನೂ ಅವ್ವ ಅಲ್ಲಿಯೇ ಹೆತ್ತಿದ್ದಳು. ಹೆರಿಗೆ ಮಾಡಿಸಿದ ಸೂಲಗಿತ್ತಿ ಶಂಶಾದ್‌ಬೀ ಇನ್ನೂ ಗಟ್ಟಿಯಾಗಿದ್ದಾಳೆಂದು ಕೇಳಿ ಅವನು ಹೊರಟ. ಅಜ್ಜನ ಊರಿಗೆ ಅವನು ಕಾಲಿಡದೆ ಎಷ್ಟೋ ವರ್ಷವಾಗಿತ್ತು. ಬಸ್ಸಿಳಿದರೆ ಕಾಲುವೆಯ ನೀರಿನ ವಾಸನೆ, ಭತ್ತದ ಸಸಿಯ ವಾಸನೆ ಹಾಗೆಯೇ ಮೂಗಿಗೆ ಬಡಿಯಿತು. ಸುಮ್ಮನೆ ಸ್ವಲ್ಪ ಹೊತ್ತು ಕಾಲುವೆಯ ದಂಡೆಯ ಮೇಲೆ ನಿಂತ. ಇಲ್ಲಿ ಅಂಬವ್ವ ನೀರಿಗೆ ಕಾಲು ಇಳಿಬಿಟ್ಟು ಕೂಡುತ್ತಿದ್ದಳು, ತಾನು ಅವಳ ಲಂಗದ ಅಂಚು ಹಿಡಿದು ಹಿಂದೆ ಕೂಡುತ್ತಿದ್ದೆ ಎಂಬುದು ನೆನಪಾಗಿ ಎದೆ ತುಂಬಿಬಂತು. ಅವಳು ಬೀಳಬಾರದೆಂದು ಹಿಡಿಯುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡ.

ಶಂಶಾದ್‌ಬೀ ಬಿಸಿಲಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು. ಗುರುತು ಹೇಳಿದ ಕೂಡಲೇ ಅವನ ಗದ್ದ ಹಿಡಿದು ಮುದ್ದಿಸಿದಳು.

"ನೀ ಹುಟ್ಟಿದ ದಿನಾನ? ಮರೆಯೂದುಂಟೇನು ಬೇಟಾ! ಊರ ಕಾಲುವಿಗೆ ಮೊದಲ ನೀರು ಬಂದ ದಿನ. ಗಂಡಸ್ರೆಲ್ಲ ನೀರು ನೋಡಾಕ ಓಡಿದ್ರು. ನಿಮ್ಮಜ್ಜ ಸುದ್ದಾ ಓಡಿದ. ಬಿಸಿನೀರು ಕಾಸಾಕ ಮನ್ಯಾಗ ಒಂದು ಹುಳಾ ಇದ್ದಿಲ್ಲ."

"ಅದು ಯಾವ ತಾರೀಖು ಅಮ್ಮಾ?"

"ನೀರಿಗೆ ತಾರೀಖು ಇರ್ತೈತೇನು?"

"ಹೋಗ್ಲಿ, ತಂಗಿ ಹುಟ್ಟಿದ್ದು?"

"ಭತ್ತದ ಸುಗ್ಗಿ. ನೀ ಎರಡು ವರ್ಷದಾವ, ಬಾಗಿಲದಾಗ ನಿಂತು ಊರು ಹಾರಿಹೋಗೂ ಹಂಗ ಅಳಾಕತ್ತಿದ್ದಿ. ಕೂಸು ತಂದು ನಿನ್ನ ತೊಡಿ ಮ್ಯಾಲೆ ಇಟ್ಟೆ ನೋಡು, ಗಪ್ಪಾದಿ. ಅವತ್ತಿನಿಂದ ಆಕಿ ಕಣ್ಣಿಗೆ ಬೀಳದಿದ್ರ ಮತ್ತ ಸುರು ಮಾಡ್ತಿದ್ದಿ."

ಕೊನೆಯ ಮಾತು ವಿರೂಪಾಕ್ಷಪ್ಪನ ಕಿವಿಗೆ ಬೀಳಲಿಲ್ಲ. ಎರಡು ವರ್ಷದ ಅಂತರಕ್ಕೆ ಸಾಕ್ಷಿ ಸಿಕ್ಕಿತಲ್ಲ! ಅಲ್ಲಿಂದ ನೇರ ಸಿಂಧನೂರಿಗೆ ಹೋಗಿ ಖಾನಾವಳಿಯೊಳಗೆ ನುಗ್ಗಿದ.

ಮಧ್ಯಾಹ್ನದ ಊಟದ ಹೊತ್ತು. ಲಾರಿ ಡ್ರೈವರುಗಳು, ಅಕ್ಕಿ ಗಿರಣಿಯ ಹಮಾಲರು ಸಾಲಾಗಿ ಕೂತಿದ್ದರು. ಅಂಬಮ್ಮ ಹಂಚಿನ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ತಂಗಿ, ಸಿಕ್ತು! ನಂದು ನೀರಿನ ದಿನ, ನಿಂದು ಸುಗ್ಗಿ ದಿನ. ಇಬ್ಬರೂ ಅರ್ಜಿ ಕೊಟ್ಟು ತಾರೀಖು ತಿದ್ದಿಸೂಣ. ಆಮ್ಯಾಲೆ ಪತ್ರಕ್ಕ ಯಾರ ಅಪ್ಪನೂ ಕೈ ಹಚ್ಚಂಗಿಲ್ಲ."

ಅಂಬಮ್ಮ ತಿರುಗಿ ನೋಡಲಿಲ್ಲ. "ಕೊಡೂದಿಲ್ಲಂದ್ರ ಕೊಡೂದಿಲ್ಲ ಅನ್ನು ಅಣ್ಣ. ನಾ ಬ್ಯಾರೆ ಕಡಿ ಒಲಿ ಹೂಡ್ತೀನಿ. ಆದ್ರ ನನ್ನ ತಾರೀಖಿಗೆ ಕೈ ಹಚ್ಚಬ್ಯಾಡ."

"ಸುಳ್ಳು ತಾರೀಖು ಐತೆವ್ವಾ ಅದು!"

ರೊಟ್ಟಿ ಬಡಿಯುವ ಸದ್ದು ನಿಂತಿತು. ಊಟ ಮಾಡುವವರ ಬಾಯಿಯೂ ನಿಂತಿತು.

"ಸುಳ್ಳು ಯಾರಿಂದ ಆತು? ನನ್ನ ಕೈ ಹಿಡದು ಸಾಲಿಗೆ ಕರಕೊಂಡು ಹೋದೆ ಅಂತ ಮಸ್ಕಿ ತುಂಬ ಹೇಳಕೋತ ತಿರಗ್ತಿ. ನಾ ಎಂದಾರ ಅಲ್ಲ ಅಂದೀನೇನು? ಇವತ್ತು ಕೇಳು. ಅಪ್ಪ ನಿನ್ನ ಸಾಲಿಗೆ ಹಾಕಾಕ ಹ್ವಾದಾಗೆಲ್ಲ ನೀ ಗ್ವಾಡಿ ಜಿಗದು ಓಡಿ ಬರ್ತಿದ್ದಿ. ಬಟ್ಟಿ ಗಂಟಿನ ಹಿಂದ ಅಡಗತಿದ್ದಿ. ಎರಡು ವರ್ಷ ಇದ ಹಾಡು. ಯಾಕೋ ಅಂತ ಕೇಳಿದ್ರ, ಅಂಬವ್ವ ಬಂದ್ರ ಹೋಗ್ತೀನಿ ಅಂದಿ."

"ನಂಗ ಆಗ ಕಾಮಾಲಿ ಆಗಿತ್ತಲ್ಲ..." ಎಂದ ವಿರೂಪಾಕ್ಷಪ್ಪ ಸಣ್ಣ ದನಿಯಲ್ಲಿ.

"ಕಾಮಾಲಿ ಅಲ್ಲ, ಅಂಜಿಕಿ. ಕಾಮಾಲಿ ಅಂತ ಅಪ್ಪ ಮಂದಿಗೆ ಹೇಳಿದ್ದ. ಕಡೀಕ ನನ್ನನ್ನೂ ಕರಕೊಂಡು ಹ್ವಾದ. ಗುರುಗಳು, ಹುಡುಗಿಗೆ ವಯಸ್ಸು ಸಾಲದು, ಹುಡುಗಗ ವಯಸ್ಸು ಮೀರೈತಿ ಅಂದ್ರು. ಅಪ್ಪ ಏನಂದ ಗೊತ್ತೇನು? ಇಂವ ಒಂಚೂರು ಕೆಳಗ ಇಳೀಲಿ, ಈಕಿ ಒಂಚೂರು ಮ್ಯಾಲೆ ಹತ್ತಲಿ, ಇಬ್ಬರಿಗೂ ಒಂದ ದಿನ ಬರ್ದ್ ಬಿಡ್ರಿ ಗುರುಗಳ ಅಂದ. ಅವತ್ತು ಕೈ ಹಿಡದು ಕರಕೊಂಡು ಹೋದಾಕಿ ನಾನು."

ಹಮಾಲರಲ್ಲೊಬ್ಬ ಕಿಸಕ್ಕೆಂದ. ಪಕ್ಕದವನು ಅವನ ತೊಡೆ ಚಿವುಟಿದ. ವಿರೂಪಾಕ್ಷಪ್ಪ ಎಂದೂ ಇಲ್ಲದೆ ಬಾಗಿಲಿಗೆ ಬೆನ್ನು ಮಾಡಿ ಕೂತ.

ಅಂಬಮ್ಮನ ದನಿ ಇಳಿಯಿತು. "ಗಂಡುಹುಡುಗ, ಮರ್ಯಾದಿ ಹೋಗ್ತೈತಿ, ಯಾರ ಮುಂದೂ ಹೇಳಬ್ಯಾಡವ್ವಾ ಅಂತ ಅಪ್ಪ ಆಣಿ ಹಾಕಿಸಿದ್ದ. ಇಲ್ಲೀತನ ಹೇಳಿರಲಿಲ್ಲ. ಆದ್ರ ಒಂದು ತಿಳಕೋ ಅಣ್ಣ. ನಮ್ಮ ಓಣ್ಯಾಗ ಆಗ ಒಬ್ಬ ಹೆಣ್ಣುಹುಡುಗಿನೂ ಸಾಲಿಗೆ ಹೋಗ್ತಿದ್ದಿಲ್ಲ. ನೀ ಅಂಜದಿದ್ರ ನನ್ನ ಯಾರು ಕಳಸ್ತಿದ್ರು? ಇವತ್ತು ನಾ ಲೆಕ್ಕ ಬರಕೊಂಡು, ಬೋರ್ಡು ಓದಿಕೊಂಡು, ಯಾರ ಹಂಗೂ ಇಲ್ಲದ ನಿಂತೀನಂದ್ರ ಅದು ನಿನ್ನ ಅಂಜಿಕಿಯಿಂದ. ಆ ತಾರೀಖು ಅಪ್ಪ ನಂಗ ಕೊಟ್ಟಿದ್ದು. ತಿದ್ದಬ್ಯಾಡ."

ಮೂಲೆಯಲ್ಲಿದ್ದ ಡ್ರೈವರೊಬ್ಬ ಕಣ್ಣೊರೆಸಿಕೊಳ್ಳಲು ಹೋಗಿ, ಕೆಂಪು ಖಾರದ ಕೈ ಎಂಬುದನ್ನು ಮರೆತು, ಎಲ್ಲರಿಗಿಂತ ಜೋರಾಗಿ ಅತ್ತ. ಅವನಿಗೆ ನೀರು ಕೊಟ್ಟು ಸುಧಾರಿಸುವ ಗದ್ದಲದಲ್ಲಿ ವಿರೂಪಾಕ್ಷಪ್ಪ ಅತ್ತದ್ದನ್ನು ಯಾರೂ ನೋಡಲಿಲ್ಲ. ಅಂಬಮ್ಮ ನೋಡಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯಿಟ್ಟು ಅಣ್ಣನ ಮುಂದೆ ಇಟ್ಟಳು. ಅವನು ತಲೆ ಎತ್ತದೆ ತಿಂದ.

"ಭಾರತ ಹುಣ್ಣಿಮಿ ಮರುದಿನ ಸೋಮವಾರ ಐತಿ," ಎಂದ ಕೈ ತೊಳೆಯುತ್ತ. "ಆಧಾರ್ ಕಾರ್ಡು ತಗೊಂಡು ಲಿಂಗಸೂರಿಗೆ ಬಾ. ಇದ್ದಂಗ ತಗೊಂಡು ಬಾ."

ಆ ಸೋಮವಾರ ಲಿಂಗಸುಗೂರಿನಲ್ಲಿ ಸಿದ್ದರಾಮೇಶ ಪತ್ರ ಮುಂದಿಟ್ಟು ಹೆದರುತ್ತಲೇ ಪೆನ್ನು ಕೊಟ್ಟ. ಪಂಚಾಂಗ ಎಲ್ಲಿಂದ ಹೊರಗೆ ಬರುತ್ತದೋ ಎಂದು ಅವನ ಕಣ್ಣು ಚೀಲದ ಮೇಲೆಯೇ ಇತ್ತು. ಪಂಚಾಂಗ ಬರಲಿಲ್ಲ. ವಿರೂಪಾಕ್ಷಪ್ಪ ಸಹಿ ಹಾಕಿ, ಕೆಳಗೆ 10-02-2020 ಎಂದು ಇಸವಿಯನ್ನು ಪೂರ್ತಿ ಬರೆದ. ಪಕ್ಕದಲ್ಲಿ ಅಕ್ಷರದಲ್ಲೂ ಬರೆದ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಆಮೇಲೆ ಒಮ್ಮೆ ಕಿಟಕಿಯಿಂದ ಹೊರಗೆ, ಬೇವಿನ ಮರ ಇದ್ದ ಜಾಗವನ್ನು ನೋಡಿದ. ಅಲ್ಲಿ ಈಗ ಮೋಟರ್ ಸೈಕಲ್ಲುಗಳು ನಿಂತಿದ್ದವು.

ಒಳಗೆ ಅಧಿಕಾರಿಯ ಮುಂದೆ ಇಬ್ಬರೂ ನಿಂತರು. ಹೊಸದಾಗಿ ಬಂದ ಅಧಿಕಾರಿ ಕಾರ್ಡುಗಳನ್ನು ನೋಡಿದರು, ಮುಖಗಳನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು.

"ಒಂದೇ ದಿನ ಇದೆಯಲ್ಲ. ಅವಳಿ-ಜವಳೀನಾ?"

ಸಿದ್ದರಾಮೇಶ ಕಣ್ಣು ಮುಚ್ಚಿಕೊಂಡ. ಸುಳ್ಳು ತಾರೀಖಿಗೆ ಸಹಿ ಹಾಕಂಗಿಲ್ಲ ಎಂದು ಎದ್ದುಹೋದ ಮನುಷ್ಯ ಇವನೇ ಅಲ್ಲವೆ!

"ಹೌದ್ರೀ ಸಾಹೇಬ್ರ," ಎಂದ ವಿರೂಪಾಕ್ಷಪ್ಪ.

ಅಂಬಮ್ಮ ತಟ್ಟನೆ ಅಣ್ಣನ ಕಡೆ ತಿರುಗಿದಳು. ಅಧಿಕಾರಿಗೆ ಕುತೂಹಲ ಹೆಚ್ಚಾಯಿತು. ನಗುತ್ತ ಕೇಳಿದರು: "ಹಾಗಾದರೆ ಮೊದಲು ಹುಟ್ಟಿದ್ದು ಯಾರು?"

"ಆಕಿ ರೀ," ಎಂದು ವಿರೂಪಾಕ್ಷಪ್ಪ ತಂಗಿಯ ಕೈ ಹಿಡಿದುಕೊಂಡ. "ಆಕಿ ಮೊದಲ ಬಂದು ನೋಡಿ, ಏನೂ ಅಂಜಿಕಿಲ್ಲ ಬಾ ಅಂದ್ಲು. ಆಮ್ಯಾಲೆ ನಾ ಬಂದೆ."